ಮೂರು ಮೂಲಿ ಹೋಳು

ಮಾಪಸಾದ ಶುಕ್ಕರವಾರದ ಸಂತ್ಯಾಗ
ಮೀನ ವಾಸನಿ ಮುಗದ ಕಡೆ,
ಗಡಿಗಿ ಮಾರವ್ರ ಬಾಜೂಕ
ಕೂಡತೀನಿ ನಾ, ಹುನಗುಂದದ ದ್ಯಾಮವ್ವ.
ಹದಿನಾರು ವರ್ಷ ಆತು.
ಅಂಗಡಿ ಅಂದ್ರ ಒಂದು ಗೋಣಿತಟ್ಟು,
ಮ್ಯಾಲ ನಲವತ್ತು ಕಲ್ಲಂಗಡಿ, ಒಂದು ಚೂರಿ.

"ಒಳಗ ಕೆಂಪೈತೇನು?" ಕೇಳತಾರ ಎಲ್ಲಾರೂ,
ಕೊಂಕಣಿಯೊಳಗ, ಹಿಂದಿಯೊಳಗ, ಬರೇ ಕಣ್ಣೊಳಗ.
ಬಾಯಿಲೆ ಹೇಳಿದ್ರ ಯಾರು ನಂಬತಾರ?
ಮುಂಜಾನೆ ಒಂದು ಹಣ್ಣಿಗೆ ಚೂರಿ ಹಾಕಿ
ಮೂರು ಮೂಲಿ ಹೋಳು ಎಳದು ಮುಂದ ಹಿಡೀತೀನಿ.
ತಿನ್ನರಿ. ಪುಕ್ಕಟ.
ಸೇರಿದ್ರ ತಗೋರಿ, ಸೇರದಿದ್ರ ನಡೀರಿ.
ತೂತು ಬಿದ್ದ ಹಣ್ಣು ನನ್ನ ಕಡೇನ ಉಳೀತೈತಿ,
ನೊಣಾ ಹೊಡಕೋತ ಸಂಜೀತನಕ
ಅದರ ಜೋಡಿ ನಾನ ಕೂಡಬೇಕು.

ಖರೇ ಹೇಳತೀನಿ, ಸುಳ್ಳ್ಯಾಕ,
ಕೊಯ್ಯೂ ಮೊದಲ ಬೆರಳ ಗೆಣ್ಣಿಲೆ ಬಡದು ನೋಡತೀನಿ.
ನಲವತ್ತರಾಗ ಚೊಲೋ ದನಿ ಕೊಟ್ಟದ್ದಕ್ಕ
ಆ ಚೂರಿ.
ನೀವು ಮನೀಗೆ ಒಯ್ಯೂದು ಅದರ ತಮ್ಮನ್ನ.
ಅಷ್ಟು ಮೋಸ ನಂದೂ ಐತಿ.

ಮಗಳು ಶಿವಲೀಲಾ, ಒಂಬತ್ತನೇ ಇಯತ್ತೆ:
"ಅವ್ವಾ, ಫೋನಿನ್ಯಾಗ ಇಂಗ್ಲಿಷ್ ಕಲಸ್ತಾರ,
ಏಳು ದಿನಾ ಫ್ರೀ.
ಎರಡು ರೂಪಾಯಿ ಕಟ್ ಆಗತಾವು, ಅವೂ ತಿರುಗಿ ಬರತಾವು."
ಪುಕ್ಕಟ ಸಿಕ್ರ ನನಗೊಂದಿರಲಿ, ನಮ್ಮಪ್ಪಗೊಂದಿರಲಿ
ಅನ್ನೂ ಗಾದಿ ಕೇಳೇ ಬೆಳದಾಕಿ ನಾ.
ಬಂದೂವು ಮತ್ತ ಎರಡು ರೂಪಾಯಿ, ಠಣ್ಣನ!
ಇಂಥಾ ನೀಯತ್ತಿನ ಮಂದೀನೂ ಅದಾರಲ್ಲ ಅಂತ
ದೇವರಿಗೆ ಊದಿನಕಡ್ಡಿ ಹಚ್ಚಿದೆ.

ಎಂಟನೇ ದಿನಾ ಶುಕ್ಕರವಾರ.
ನಸಕಿನ್ಯಾಗ ಟೆಂಪೋ ನಿಂತೈತಿ, ಹಣ್ಣು ಇಳದಾವು,
ಸಖಾರಾಮ ರೊಕ್ಕಕ್ಕ ಕೈ ಚಾಚ್ಯಾನ.
ಫೋನು ಒತ್ತಿದ್ರ ಖಾಲಿ.
ಒಂದು ಸಾವಿರದ ನಾಕನೂರಾ ತೊಂಬತ್ತೊಂಬತ್ತು
ರಾತ್ರೋರಾತ್ರಿ ಎದ್ದು ಹೋಗ್ಯಾವು,
ಬಾಗಲಾ ತಗದ ಸಪ್ಪಳ ಸೈತ ಇಲ್ಲ.
ಕಿವ್ಯಾನ ಬೆಂಡ್ವಾಲಿ ಬಿಚ್ಚಿ ಹಿಡದೆ.
"ಬ್ಯಾಡ" ಅಂದ ಸಖಾರಾಮ,
ಅಂದು, ಮುಷ್ಟಿ ಮುಚ್ಚಿದ.

ಬ್ಯಾಂಕಿನ ಹುಡುಗ ಫುರ್ಟಾಡೊ ಚೊಲೋ ಮನಶ್ಯಾ.
"ಮಾವಶಿ, ನೀವ ಒಪ್ಪಿಗಿ ಕೊಟ್ಟೀರಿ,
ಮೊದಲ ಮೆಸೇಜೂ ಬಂದೈತಿ."
ದಿನಾ ನೂರು ಬರತಾವಪ್ಪಾ,
ಸಾಲಾ ಬೇಕೇನು, ರಮ್ಮಿ ಆಡತೀಯೇನು ಅಂತ!
ಒಪ್ಪಿಗಿ ತೋರಿಸಿದ:
ಇರಿವಿ ಕಾಲಿನಷ್ಟು ಅಕ್ಷರ, ಬೂದಿ ಮ್ಯಾಲ ಬೂದಿ ಬಣ್ಣ.
ಬ್ಯಾಡ ಅನ್ನೂ ಗುಂಡಿ
ಏಳು ಬಾಗಲಾ ದಾಟಿ ಹಿತ್ತಲದಾಗಿತ್ತು.
ಒತ್ತಿದ್ರ ಅಳೂ ಮಾರಿ ಗೊಂಬಿ ಬಂತು,
"ಖರೇನ ಬಿಟ್ಟು ಹೋಗತೀರೇನು?"
ನನ್ನ ಹಣ್ಣು ಎಂದೂ ಹಂಗ ಅತ್ತಿಲ್ಲ.

ಆ ರಾತ್ರಿ ಚಾಪಿ ಮ್ಯಾಲ ಹೊಳ್ಳಾಡಿದೆ.
ಯಾರು ಯಾರ ರುಚಿ ನೋಡಿದ್ರು?
ಹೆಸರು ಕೇಳಿದ್ರು, ಊರು ಕೇಳಿದ್ರು,
ಹುಡುಗಿ ಎಷ್ಟಕ್ಕ ಏಳತಾಳ, ಏನಾಗಬೇಕಂತಾಳ,
ಎಲ್ಲಾ ಕೇಳಿದ್ರು.
ಗೆಣ್ಣಿಲೆ ಬಡದು ನೋಡಿದ್ರು ನಮ್ಮನ್ನ.
ದನಿ ಚೊಲೋ ಬಂತು.
ಮೂರು ಮೂಲಿ ಕೊಯ್ದು ಎಳದ್ರು.
ಕೆಂಪಿತ್ತು ಒಳಗ.

ಶಿವಲೀಲಾ ಏಳು ದಿನದಾಗ ಕಲ್ತದ್ದು ಒಂದ ಮಾತು:
"ಮೇ ಐ ಹೆಲ್ಪ್ ಯೂ?"
ಮುಂದಿನ ಸಂತ್ಯಾಗ ಒಬ್ಬ ಬಿಳೇ ಮನಶ್ಯಾಗ ಅಂದ್ಲು.
ಅಂವ ನಕ್ಕು ಎರಡು ಹಣ್ಣು ಒಯ್ದ.
ಲೆಕ್ಕ ನೀವ ಹಾಕ್ರಿ, ನನಗ ಬ್ಯಾಸರಾಗೇತಿ.

ಲೂರ್ದಿನ್ ಬಾಯಿ ಈಗೂ ಬರತಾಳ ಛತ್ರಿ ಊರಕೋತ.
ಹೋಳು ತಿಂದು, ಬೀಜಾ ಉಗುಳಿ, ಬಾಯಿ ಒರಸಿ
"ಫಾಲ್ಯಾಂ" ಅಂತಾಳ. ನಾಳೆ.
ನಾಳೆ ಶನಿವಾರ, ಸಂತೀನ ಇಲ್ಲ.
ಇಂಥಾ ನಾಳೆ ಹನ್ನೊಂದು ವರ್ಷದ್ದು ಕೂಡ್ಯಾವು.
ಅಕೀ ಮನಿ ಎಲ್ಲೈತಿ ನನಗ ಗೊತ್ತಿಲ್ಲ,
ಕೇಳೂ ಇಲ್ಲ.
ಚೂರಿ ಒರಸಿ
ಮುಂದಿನ ವಾರಕ್ಕ ಕಾಯತೀನಿ.